ಅನ್ನೆಲೀಸಳ ನಾಲ್ಕು ನಿಮಿಷ

“ಎಲ್ಲರೂ ಕೇಳಿಸ್ಕೊಳ್ಳಿ, ಎರಡು ಸಲ ಓದಲ್ಲ. ಜೂನ್ ಹದಿನೈದು, ಶನಿವಾರ. ಬೆಳಿಗ್ಗೆ ಏಳು ಗಂಟೆ ಮೂವತ್ತಾರು ನಿಮಿಷಕ್ಕೆ ನಮ್ಮೂರಿಂದ ಹೊರಡೋದು. ಏಳೂವರೆಗೇ ಸ್ಟೇಷನ್ ಗಡಿಯಾರದ ಕೆಳಗೆ ನಿಂತಿರ್ಬೇಕು. ಮಾರ್ಗ್ರಿತ್, ಇದು ನಿಂಗೆ ಹೇಳಿದ್ದು. ಲುಟ್ಸೆರ್ನ್‌ನಲ್ಲಿ ಗಾಡಿ ಬದಲಾಯಿಸೋದು. ಆರು ನಿಮಿಷ ಇದೆ, ಬೆವರೋ ಹಾಗಿಲ್ಲ. ಮೊದಲ ರಾತ್ರಿ ಬೆಟ್ಟದ ಈಚೆಗೇ ಮಲಗೋದು. ಎರಡನೇ ದಿನ ಚಿಕ್ಕ ಕೆಂಪು ರೈಲು ಹತ್ತಿ, ಹಿಮದ ಬೆಟ್ಟ ದಾಟಿ, ಆ ಕಡೆ ಇಳಿಯೋದು. ಮೂರನೇ ದಿನ ಎಲ್ಲಿಗೂ ಹೋಗಲ್ಲ. ಸರೋವರದ ಮುಂದೆ ಕೂತು ಕಾಲು ನೆನೆಸ್ಕೊಳ್ಳೋದು, ಅಷ್ಟೇ. ನಾಲ್ಕನೇ ದಿನ ದೋಣಿ. ವಿಮಾನ ಇಲ್ಲ, ಬಾಡಿಗೆ ಕಾರಿಲ್ಲ, ಕೊಡೆ ಎತ್ತಿ ಹಿಡ್ಕೊಂಡು ಮುಂದೆ ಮುಂದೆ ಓಡೋ ಗೈಡೂ ಇಲ್ಲ. ಹನ್ನೊಂದು ದಿನ, ಒಂಬತ್ತು ರೈಲು, ಎರಡು ದೋಣಿ, ಮೂರು ಬಸ್ಸು. ಕೊನೆಗೆ ಟ್ರಿಯೆಸ್ಟ್, ಸಮುದ್ರ. ಐದನೇ ದಿನ ಒಂದು ಜಂಕ್ಷನ್‌ನಲ್ಲಿ ಮಾತ್ರ ಬದಲಿಗೆ ನಾಲ್ಕೇ ನಿಮಿಷ, ಅಲ್ಲಿ ಸ್ವಲ್ಪ ಚುರುಕಾಗಿರಿ. ನಾಲ್ಕು ನಿಮಿಷ ಧಾರಾಳ. ಅಷ್ಟರಲ್ಲಿ ನಾನು ಚೀಸ್ ಕತ್ತರಿಸಿ, ತೂಗಿ, ಕಾಗದ ಸುತ್ತಿ, ಚಿಲ್ಲರೆ ಕೊಟ್ಟು, ಗಿರಾಕಿ ಮನೆಯ ಸುದ್ದೀನೂ ಕೇಳಿ ಮುಗಿಸ್ತಿದ್ದೆ.”

ಹೋದ ವರ್ಷ ಮಾರ್ಚ್ ತಿಂಗಳಲ್ಲಿ, ಸಿಗ್ನೌ ಊರಿನ ‘ಕರಡಿ’ ಎಂಬ ಹೋಟೆಲಿನಲ್ಲಿ, ಉದ್ದನೆಯ ಮೇಜಿನ ತುದಿಗೆ ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅನ್ನೆಲೀಸ್ ಹೀಗೆ ಓದಿ ಹೇಳಿದ್ದಳು. ಕೇಳುತ್ತ ಕೂತವರು ಊರಿನ ಹೆಂಗಸರ ವ್ಯಾಯಾಮ ಸಂಘದ ಇನ್ನೆಂಟು ಮಂದಿ. ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಕೈಕಾಲು ಆಡಿಸುವುದು, ನಾಲ್ಕೂಕಾಲಿಗೆ ಕರಡಿಗೆ ಬಂದು ಅಷ್ಟೂ ಶ್ರಮವನ್ನು ಒಂದು ತಟ್ಟೆ ಕೆನೆಯಲ್ಲಿ ಮುಳುಗಿಸುವುದು ಅವರ ಪದ್ಧತಿ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಒಟ್ಟಿಗೆ ಪ್ರವಾಸ. ಆ ಪ್ರವಾಸವನ್ನು ಇಪ್ಪತ್ತೆರಡು ವರ್ಷಗಳಿಂದ ಹೆಣೆಯುತ್ತ ಬಂದವಳು ಅನ್ನೆಲೀಸ್.

ಅವಳು ರೈಲಿನ ನೌಕರಿ ಮಾಡಿದವಳಲ್ಲ. ಸ್ಟೇಷನ್ನಿನ ಎದುರಿಗಿದ್ದ ಚೀಸ್ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ನಿಂತವಳು. ಅಂಗಡಿಯ ಕಿಟಕಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಒಂದು ಗಡಿಯಾರ, ಎರಡು ಹಳಿ, ಹತ್ತುವವರ ಬೆನ್ನು, ಇಳಿಯುವವರ ಮುಖ. ಗಾಡಿ ಹೇಳಿದ ಹೊತ್ತಿಗೇ ಬಂದು, ಹೇಳಿದ ಹೊತ್ತಿಗೇ ಹೋಗುವುದನ್ನು ನೋಡುವುದರಲ್ಲಿ ಅವಳಿಗೆ ಒಂದು ತೃಪ್ತಿ ಇತ್ತು, ಮಡಿಸಿದ ಬಟ್ಟೆಯ ಅಂಚಿಗೆ ಅಂಚು ಕೂಡಿದಾಗ ಆಗುವಂಥದು. ಪ್ರತಿ ಡಿಸೆಂಬರಿನಲ್ಲಿ ಹೊಸ ವೇಳಾಪಟ್ಟಿಯ ದಪ್ಪ ಪುಸ್ತಕ ಬಂದರೆ ಅದನ್ನು ಮಲಗುವ ಕೋಣೆಗೆ ಒಯ್ಯುತ್ತಿದ್ದಳು. ಅವಳ ಗಂಡ ಗೋಡಿ ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ಅವನು ಊರು ಬಿಟ್ಟು ಹೋಗುವುದು ಹಲ್ಲಿನ ಡಾಕ್ಟರ ಬಳಿಗೆ ಮಾತ್ರ. “ನನ್ನ ಹೆಂಡತಿ ನನ್ನ ಪಕ್ಕದಲ್ಲೇ ಮಲಗಿ ಲಿಸ್ಬನ್‌ಗೆ ಹೋಗಿಬರ್ತಾಳೆ” ಎಂದು ಅವನು ನಗುತ್ತಿದ್ದ. ಆ ಪುಸ್ತಕದ ಅಚ್ಚು ನಿಂತ ಮೇಲೆ ಅವಳು ಫೋನಿನಲ್ಲಿ ನೋಡಿ, ಕಾಗದಕ್ಕೆ ಇಳಿಸಿ, ಸ್ಕೇಲಿಟ್ಟು ಗೆರೆ ಎಳೆದು ಪಟ್ಟಿ ಮಾಡಿಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಗಾಡಿಯೂ ತಪ್ಪಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಎಲ್ಲರಿಗೂ ಗೊತ್ತಿರುವುದರಿಂದ ಹೇಳುವ ಅಗತ್ಯವೂ ಇರಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಅದೇ ಮೇಜಿಗೆ ಕೂತಾಗ ಅನ್ನೆಲೀಸಳ ಕೈಯಲ್ಲಿ ಕಾಗದವಿರಲಿಲ್ಲ. ಅವಳ ಪಕ್ಕದ ಕುರ್ಚಿ ಖಾಲಿ ಇತ್ತು. ಅದು ತೆರೇಸಳದು.

ಸಂಘದ ಅಧ್ಯಕ್ಷೆ ಮಾರ್ಗ್ರಿತ್ ಚಮಚದಿಂದ ಲೋಟ ತಟ್ಟಿ ಎದ್ದಳು. ದೊಡ್ಡ ಗಂಟಲು, ದೊಡ್ಡ ಮನಸ್ಸು, ಒಮ್ಮೆ ಹಿಡಿದ ಮಾತು ಬಿಡದವಳು.

“ಪ್ರವಾಸದ ವಿಷಯ. ಪ್ಲಾನು ಎಂದಿನ ಹಾಗೆ ಅನ್ನೆಲೀಸ್ ಮಾಡ್ಲಿ. ಆದ್ರೆ ಹೋದ ವರ್ಷದ ಹಾಗೆ ಆಗ್ಬಾರ್ದು. ಅದಕ್ಕೆ ನಾನೊಂದು ನಿಯಮ ತರ್ತೀನಿ. ತನ್ನ ಪೆಟ್ಟಿಗೆ ತಾನೇ ಹೊತ್ತು ಮೂವತ್ತು ಮೆಟ್ಟಿಲು ಹತ್ತೋರು ಮಾತ್ರ ಬರ್ಬೇಕು.”

“ತೆರೇಸ್ ಕೋಲು ಹಿಡ್ಕೊಂಡು ನಡೀತಾಳಲ್ಲೇ” ಎಂದಳು ಲೋಟ್ಟಿ. ಸಂಘದಲ್ಲಿ ಎಲ್ಲರನ್ನೂ ನಗಿಸುವವಳು ಅವಳು, ಆಗ ನಗುತ್ತಿರಲಿಲ್ಲ.

“ನಂಗೂ ಬೇಜಾರಿದೆ. ಆದ್ರೆ ಅವಳದೇ ತಪ್ಪಲ್ವಾ? ಮೊಣಕಾಲು ಸರಿ ಇರ್ಲಿಲ್ಲ ಅಂದ್ಮೇಲೆ ಮೊದಲೇ ಬಾಯಿ ಬಿಟ್ಟು ಹೇಳ್ಬೇಕಿತ್ತು. ಮುಚ್ಚಿಟ್ಟು ಬಂದ್ಲು, ಬಿದ್ಲು, ನಮ್ಮೆಲ್ಲರ ಪ್ರವಾಸಾನೂ ಅರ್ಧಕ್ಕೇ ನಿಂತ್ಹೋಯ್ತು. ಅನ್ನೆಲೀಸ್ ಪಾಪ ಎಷ್ಟು ನೊಂದ್ಕೊಂಡ್ಲು! ಏನೇ ಅನ್ನೆಲೀಸ್, ನಾನು ಹೇಳೋದು ಸರಿ ತಾನೆ?”

ಎಲ್ಲರೂ ಅನ್ನೆಲೀಸಳ ಕಡೆ ತಿರುಗಿದರು. ಅವಳು ತನ್ನ ತಟ್ಟೆಯ ಕೆನೆಯನ್ನು ಚಮಚದಿಂದ ಸಮ ಮಾಡಿದಳು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

“ಅವಳು ಇನ್ನೂ ಆ ನೋವಿಂದ ಹೊರಗೆ ಬಂದಿಲ್ಲ. ಮುಂದಿನ ಬುಧವಾರ ಕೈ ಎತ್ತಿಸಿ ತೀರ್ಮಾನ ಮಾಡೋಣ” ಎಂದು ಮಾರ್ಗ್ರಿತ್ ಕೂತಳು.

ಅನ್ನೆಲೀಸ್ ಮನೆಗೆ ನಡೆದು ಹೋಗುವಾಗ ಅವಳ ಕಿವಿಯಲ್ಲಿ ಉಳಿದದ್ದು ‘ಅನ್ನೆಲೀಸ್ ಪಾಪ’ ಎಂಬ ಎರಡೇ ಮಾತು.

ನಡೆದದ್ದು ಬೇರೆಯೇ ಇತ್ತು. ಅದು ಗೊತ್ತಿದ್ದವರು ಇಬ್ಬರು.

ಹೋದ ವರ್ಷ ಪ್ಲಾನು ಓದಿ ಹೇಳುವುದಕ್ಕೆ ಒಂದು ವಾರ ಮೊದಲು ತೆರೇಸ್ ಅನ್ನೆಲೀಸಳ ಅಡುಗೆಮನೆಗೆ ಬಂದಿದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ತೆರೇಸ್ ಪ್ರಾಯದಲ್ಲಿ ವ್ಯಾಯಾಮದ ಸ್ಪರ್ಧೆಗಳಲ್ಲಿ ಅಂಗೈ ಅಗಲದ ಮರದ ತೊಲೆಯ ಮೇಲೆ ಹಿಮ್ಮುಖವಾಗಿ ನಡೆದು ಜಿಲ್ಲೆಗೆಲ್ಲ ಹೆಸರಾದವಳು. ಆ ದಿನ ಕುರ್ಚಿಯಲ್ಲಿ ಕೂತವಳು ಮೊಣಕಾಲು ಒತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದಳು: “ಗಾಡಿ ಬದಲಾಯಿಸೋ ಕಡೆ ನಂಗೆ ಸ್ವಲ್ಪ ಹೆಚ್ಚು ಹೊತ್ತು ಇಡೇ. ಮೆಟ್ಟಿಲಲ್ಲಿ ಈ ಕಾಲು ಮಾತು ಕೇಳಲ್ಲ. ಬೇರೆ ಯಾರಿಗೂ ಹೇಳ್ಬೇಡ. ಮಾರ್ಗ್ರಿತ್‌ಗೆ ಗೊತ್ತಾದ್ರೆ ನನ್ನನ್ನ ಮುದುಕಿಯರ ಕುರ್ಚಿ ವ್ಯಾಯಾಮಕ್ಕೆ ಕೂರಿಸ್ತಾಳೆ.”

“ಇಡ್ತೀನಿ” ಎಂದಿದ್ದಳು ಅನ್ನೆಲೀಸ್. ಮನಸಾರೆಯೇ ಅಂದದ್ದು. ಆದರೆ ಆ ಐದನೇ ದಿನ ಜಂಕ್ಷನ್ನಿನಲ್ಲಿ ನಾಲ್ಕು ನಿಮಿಷದ ಬದಲಿ ಬಿಟ್ಟರೆ ಮುಂದಿನ ಗಾಡಿ ಐವತ್ತೆಂಟು ನಿಮಿಷಕ್ಕೆ. ಅದನ್ನು ಹಿಡಿದರೆ ಆಚೆಯ ಊರಿನ ಬಸ್ಸು ತಪ್ಪುತ್ತಿತ್ತು, ಇಡೀ ದಿನದ ಹೆಣಿಗೆ ಬಿಚ್ಚಿ ಮತ್ತೆ ಹಾಕಬೇಕಿತ್ತು. ಅವಳ ದೇಶದಲ್ಲಿ ನಾಲ್ಕು ನಿಮಿಷವೆಂದರೆ ಮಗುವಿನ ಗಾಡಿ ತಳ್ಳಿಕೊಂಡು ಬಂದ ತಾಯಿಗೂ ಸಾಕಾಗುವ ಹೊತ್ತು. ಒಂದು ರೈಲು ಇನ್ನೊಂದನ್ನು ಕಾಯುತ್ತದೆ, ಇಳಿದ ಕಡೆಯಿಂದ ಹತ್ತು ಹೆಜ್ಜೆಯಲ್ಲಿ ಹತ್ತುವುದು ನಿಂತಿರುತ್ತದೆ. ಆ ನಾಲ್ಕು ನಿಮಿಷವನ್ನು ಅವಳು ಬಟ್ಟೆಬರೆಯ ಜೊತೆ ಚೀಲಕ್ಕೆ ಹಾಕಿಕೊಂಡು ಗಡಿ ದಾಟಿದ್ದಳು.

ಗಾಡಿ ತಡವಾಗಿ ಬಂದು, ಆ ಜಂಕ್ಷನ್ನಿನಲ್ಲಿ ಇಳಿದಾಗ ಎರಡೇ ನಿಮಿಷ ಉಳಿದಿತ್ತು. ಹೋಗಬೇಕಾದ ಪ್ಲಾಟ್‌ಫಾರ್ಮಿಗೆ ನೆಲದಡಿಯ ದಾರಿ, ಇಳಿಯಲು ಮೂವತ್ತು ಮೆಟ್ಟಿಲು, ಹತ್ತಲು ಮೂವತ್ತು. “ಮುಂದಿನದಕ್ಕೆ ಹೋಗೋಣ ಕಣೇ” ಎಂದಳು ತೆರೇಸ್. ಅದು ಅನ್ನೆಲೀಸಳ ಕಿವಿಗೆ ಬಿತ್ತು. ಆದರೂ ಅವಳು ಕೂಗಿದ್ದು “ಓಡಿ!” ಎಂದು. ಏಳು ಮಂದಿ ಓಡಿ ಹತ್ತಿಕೊಂಡರು. ಅನ್ನೆಲೀಸ್ ಒಂದು ಕಾಲು ಗಾಡಿಯ ಒಳಗೆ, ಒಂದು ಹೊರಗೆ ಇಟ್ಟು ಬಾಗಿಲನ್ನು ತಡೆದು ನಿಂತಳು. ತೆರೇಸಳ ತಲೆ ಮೆಟ್ಟಿಲಿನಿಂದ ಮೇಲೆ ಬಂತು, ಭುಜ ಬಂತು, ಪೆಟ್ಟಿಗೆ ಬಂತು. ಕೊನೆಯ ಮೆಟ್ಟಿಲಿಗೆ ಕಾಲು ಕೈಕೊಟ್ಟಿತು. ಮೂಳೆ ಮುರಿದ ಸದ್ದು ಆ ಗದ್ದಲದಲ್ಲಿ ಕೇಳಿಸುವಂಥದಲ್ಲ. ಆದರೂ ಅನ್ನೆಲೀಸಳಿಗೆ ಕೇಳಿಸಿತು.

ಅವಳು ಕೆಳಗಿಳಿದಳು, ರೈಲು ಏಳು ಮಂದಿಯನ್ನು ಹೊತ್ತುಕೊಂಡು ಹೋಯಿತು. ಅವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಮರಳಿ ಬರುವ ಹೊತ್ತಿಗೆ ತೆರೇಸಳನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಏನಾಯಿತು, ಹೇಗಾಯಿತು ಎಂದು ಎಲ್ಲರೂ ಮುತ್ತಿಕೊಂಡಾಗ ಅನ್ನೆಲೀಸ್ ಹೇಳಿದಳು: “ಅವಳ ಮೊಣಕಾಲು ಸರಿ ಇರ್ಲಿಲ್ವಂತೆ. ಮೆಟ್ಟಿಲಲ್ಲಿ ಕೈಕೊಡ್ತು.” ತಾನೂ ಆಗಷ್ಟೇ ತಿಳಿದವಳ ಹಾಗೆ. ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದದ್ದು ಹಾಗೆ. ಮತ್ತೆ ಅದನ್ನು ತಿದ್ದಲು ಹೊತ್ತು ಬೇಕಾದಷ್ಟಿತ್ತು. ಒಂಬತ್ತು ತಿಂಗಳು ಇತ್ತು.

ಕರಡಿಯಿಂದ ಬಂದ ಮರುದಿನವೇ ಅವಳು ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹಾಸಿ ಈ ವರ್ಷದ ಪ್ಲಾನಿಗೆ ಕೂತಳು. ಬೇಡ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕಿತ್ತು, ಆದ್ದರಿಂದ ಕೂತಳು. ಮೊದಲ ಬದಲಿಗೆ ನಲವತ್ತು ನಿಮಿಷ ಬರೆದಳು. ಸಾಲದೆನಿಸಿ ಒಂದು ಗಂಟೆ ಮಾಡಿದಳು. ಮಧ್ಯೆ ಒಂದು ನೆಲದಡಿಯ ದಾರಿ ಇರಬಹುದು, ಲಿಫ್ಟು ಕೆಟ್ಟಿರಬಹುದು ಎಂದು ಎರಡು ಗಂಟೆಗೆ ಏರಿಸಿದಳು. ಗೋಡಿ ಬಂದು ಹೆಗಲ ಮೇಲಿಂದ ಇಣುಕಿದ.

“ಮೂರನೇ ದಿನಕ್ಕೂ ನೀವು ಲುಟ್ಸೆರ್ನ್‌ನಲ್ಲೇ ಇದ್ದೀರಲ್ಲೇ! ಗುಡ್ಡದ ಮೇಲಿನ ನಮ್ಮಣ್ಣನ ಹಸುಗಳು ನಿಮಗಿಂತ ಮುಂಚೆ ಸಮುದ್ರ ಸೇರ್ತವೆ.”

“ಸುಮ್ನಿರು ಗೋಡಿ.”

“ನಾನು ಸುಮ್ನೇ ಇದ್ದೀನಿ. ನೀನು ಸುಮ್ನಿರಲ್ಲ. ರಾತ್ರಿಯೆಲ್ಲಾ ಹೊರಳ್ತೀಯ. ಬಿದ್ದೋಳು ತೆರೇಸೋ ನೀನೋ?”

ಅವಳು ರಬ್ಬರು ತೆಗೆದುಕೊಂಡು ಎಲ್ಲವನ್ನೂ ಅಳಿಸಿದಳು. ಎಷ್ಟು ನಿಮಿಷ ಸೇರಿಸಿದರೂ ಈ ಪ್ಲಾನಿನಲ್ಲಿ ತೆರೇಸಳಿಗೆ ಜಾಗವಿರಲಿಲ್ಲ. ಮೂವತ್ತು ಮೆಟ್ಟಿಲಿನ ನಿಯಮ ಬಂದರೆ ಅವಳು ಹೊರಗೆ. ಅದನ್ನು ತಡೆಯುವ ಒಂದೇ ಮಾತು ಅನ್ನೆಲೀಸಳ ಬಾಯಲ್ಲಿ ಇತ್ತು. ಅವಳು ಎದ್ದು ಕ್ಯಾರೆಟ್ ತುರಿಯಲು ಶುರುಮಾಡಿದಳು. ಗುರುವಾರ ತೆರೇಸಳ ಮನೆಗೆ ಕೇಕ್ ಒಯ್ಯುವ ದಿನ.

ತೆರೇಸ್ ಚರ್ಚಿನ ಹಿಂದಿನ ಮನೆಯಲ್ಲಿ, ಕುರ್ಚಿಯಲ್ಲಿ ಕೂತೇ ಇಸ್ತ್ರಿ ಮಾಡುತ್ತಿದ್ದಳು.

“ಈ ವಾರ ಏನು?”

“ಕ್ಯಾರೆಟ್.”

“ಹೋದ ವಾರ ಸೇಬು, ಅದರ ಹಿಂದಿನ ವಾರ ಬಾದಾಮಿ. ಡಾಕ್ಟರ್ ನನ್ನ ಮೂಳೆ ಕೂಡಿಸಿದ್ರು. ನೀನು ನನ್ನ ಲಂಗದ ಗುಂಡಿ ಕೂಡದ ಹಾಗೆ ಮಾಡ್ದೆ. ಕೂತ್ಕೋ.”

ಅನ್ನೆಲೀಸ್ ಕೋಟು ಬಿಚ್ಚದೆಯೇ ಕೂತಳು. ತೆರೇಸ್ ಒಂದು ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿದಳು.

“ಮಾರ್ಗ್ರಿತ್ ಫೋನ್ ಮಾಡಿದ್ಲು. ಮೂವತ್ತು ಮೆಟ್ಟಿಲಂತೆ. ‘ನಿನ್ನ ಒಳ್ಳೇದಕ್ಕೇ’ ಅಂತ ಮೂರು ಸಲ ಹೇಳಿದ್ಲು. ನೀನು ಅಲ್ಲೇ ಇದ್ದೆಯಂತೆ.”

“ಇದ್ದೆ.”

“ಏನಂದೆ?”

“ಏನೂ ಅನ್ಲಿಲ್ಲ.”

“ಹೂಂ.” ಇಸ್ತ್ರಿ ಪೆಟ್ಟಿಗೆ ಬುಸ್ಸೆಂದಿತು. ತೆರೇಸ್ ಇನ್ನೊಂದು ಚೀಲ ಎತ್ತಿಕೊಂಡಳು. ಬೈದರೆ ಒಳ್ಳೆಯದಿತ್ತು ಎನ್ನಿಸಿತು ಅನ್ನೆಲೀಸಳಿಗೆ. ತೆರೇಸ್ ಬೈಯಲಿಲ್ಲ. ಅರಿವೆಯ ಮೂಲೆಗಳನ್ನು ಒಂದೊಂದಾಗಿ ಬಿಡಿಸಿ ಒತ್ತುತ್ತಲೇ ಇದ್ದಳು. ಬಿಸಿ ಬಟ್ಟೆಯ ವಾಸನೆ ಕೋಣೆಯನ್ನೆಲ್ಲ ತುಂಬಿತು.

“ತೆರೇಸ್, ನೀನು ನಂಗೆ ಹೇಳಿದ್ದೆ” ಎಂದಳು ಅನ್ನೆಲೀಸ್. ಒಮ್ಮೆ ಶುರುವಾದದ್ದು ಆಮೇಲೆ ನಿಲ್ಲಲಿಲ್ಲ. “ಹೊತ್ತು ಇಡು ಅಂತ ಹೇಳಿದ್ದೆ. ನಾನು ಇಡ್ತೀನಿ ಅಂದಿದ್ದೆ. ಇಡ್ಲಿಲ್ಲ. ಬಸ್ಸು ತಪ್ಪುತ್ತೆ, ಪ್ಲಾನು ಕೆಡುತ್ತೆ ಅಂತ ಇಡ್ಲಿಲ್ಲ. ಅಲ್ಲಿ ಇಳಿದಾಗ ನೀನು ಮುಂದಿನದಕ್ಕೆ ಹೋಗೋಣ ಅಂದೆ, ಅದೂ ಕೇಳಿಸ್ತು. ಕೇಳಿಸಿದ್ರೂ ಓಡಿ ಅಂದೆ. ಆಮೇಲೆ ಅವರ ಮುಂದೆ ನಂಗೆ ಗೊತ್ತೇ ಇರ್ಲಿಲ್ಲ ಅನ್ನೋ ಹಾಗೆ ಮಾತಾಡ್ದೆ. ಇನ್ನೂ ಒಂದಿದೆ.”

“ಹೇಳು.”

“ನೀನು ಬಿದ್ದೆಯಲ್ಲ, ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ‘ಅಯ್ಯೋ, ಗಾಡಿ ಹೋಯ್ತು’ ಅಂತ. ನೀನು ಎರಡನೇದಾಗಿ ಬಂದೆ. ಮೊದಲು ಗಾಡಿ.”

ತೆರೇಸ್ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದಳು.

“ಅದು ನಂಗೆ ಗೊತ್ತು. ನಾನು ನೆಲದ ಮೇಲಿಂದ ನಿನ್ನ ಮುಖಾನೇ ನೋಡ್ತಿದ್ದೆ.”

ಅನ್ನೆಲೀಸ್ ತಲೆ ತಗ್ಗಿಸಿದಳು.

“ನೀನು ವಾರ ವಾರ ಕೇಕ್ ತಂದೆ. ಇದರಲ್ಲಾದ್ರೂ ಆ ಮಾತು ಬೆಂದಿರುತ್ತೇನೋ ಅಂತ ಕತ್ತರಿಸಿ ಕತ್ತರಿಸಿ ನೋಡ್ದೆ. ಬರೀ ಸಕ್ಕರೆ. ನಾನೂ ಬಾಯಿ ಬಿಡ್ಲಿಲ್ಲ, ಅದು ನಿನ್ನನ್ನ ಕಾಪಾಡೋಕಲ್ಲ. ಕಾಲಿನ ವಿಷಯ ನಿನ್ನೊಬ್ಬಳ ಹತ್ರ ಕದ್ದುಮುಚ್ಚಿ ಹೇಳಿದ್ದು ಅಂತ ಒಪ್ಪಿಕೊಳ್ಳೋಕೆ ನಂಗೂ ನಾಚಿಕೆ ಆಗ್ತಿತ್ತು. ತೊಲೆ ಮೇಲೆ ನಡೆದೋಳು ನಾನು! ಆದ್ರೆ ನಾನು ಪೆದ್ದಿ, ಮುಚ್ಚಿಟ್ಟು ಬಂದು ಎಲ್ಲರ ರಜಾ ಹಾಳು ಮಾಡ್ದೆ ಅಂತ ಊರೆಲ್ಲಾ ಆಡ್ಕೊಳ್ತಿದೆಯಲ್ಲ, ಅದು ನಿನ್ನ ಕಿವಿಗೆ ಬಿದ್ದೂ ನೀನು ಕೆನೆ ತಿಂದ್ಕೊಂಡು ಕೂತೆಯಲ್ಲ, ಅದು ಮೂಳೆಗಿಂತ ನೋವಾಯ್ತು.”

“ಕ್ಷಮಿಸು.”

“ಅದನ್ನ ಆಮೇಲೆ ನೋಡೋಣ. ಮೊದಲು ಮಂಗಳವಾರ ಲಾಂಗ್‌ನೌ ಸ್ಟೇಷನ್ನಿಗೆ ಬಾ. ಒಂದು ಪೆಟ್ಟಿಗೆ ತುಂಬ್ಕೊಂಡು ಬಾ, ನಿನ್ನ ಅಡುಗೆಮನೆಯ ಗಂಟೆ ಹೊಡೆಯೋ ಗಡಿಯಾರಾನೂ ತಾ.”

“ಯಾಕೆ?”

“ನಾನು ನಡೀತೀನೋ ಇಲ್ವೋ ಅಂತ ಎಲ್ಲರೂ ಮಾತಾಡ್ತಿದ್ದಾರೆ. ಒಬ್ಬರಾದ್ರೂ ಅಳತೆ ಮಾಡಿದ್ದಾರಾ?”

ಮಂಗಳವಾರ ಹತ್ತು ಗಂಟೆಗೆ ಇಬ್ಬರೂ ಪಕ್ಕದ ಪಟ್ಟಣವಾದ ಲಾಂಗ್‌ನೌನಲ್ಲಿ ಇಳಿದರು. ಅನ್ನೆಲೀಸ್ ಪೆಟ್ಟಿಗೆಗೆ ಭಾರಕ್ಕೆಂದು ಹಳೆಯ ವೇಳಾಪಟ್ಟಿಯ ನಾಲ್ಕು ಪುಸ್ತಕ ತುಂಬಿದ್ದಳು. ಕೈಯಲ್ಲಿ ಮೊಟ್ಟೆ ಬೇಯಿಸುವಾಗ ಇಡುವ ಕೋಳಿಯ ಆಕಾರದ ಗಡಿಯಾರ. ಒಂದನೇ ಪ್ಲಾಟ್‌ಫಾರ್ಮಿನಿಂದ ಹೊರಟು, ಇಳಿಜಾರಿನಲ್ಲಿ ಇಳಿದು, ನೆಲದಡಿಯ ದಾರಿ ದಾಟಿ, ಆಚೆಯ ಪ್ಲಾಟ್‌ಫಾರ್ಮಿನ ತುದಿಗೆ ಹೋಗುವುದು. ತೆರೇಸ್ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಹೊರಟಳು. ಸಹಾಯಕ್ಕೆ ಕೈ ಚಾಚಿದರೆ ಕೋಲಿನಿಂದ ತಟ್ಟಿದಳು. “ಮುಟ್ಟಬೇಡ. ಲೆಕ್ಕ ತಪ್ಪುತ್ತೆ.”

ಅನ್ನೆಲೀಸ್ ಹಿಂದೆ ಹಿಂದೆ ನಡೆದಳು. ಸಾವಿರ ಸಲ ಓಡಾಡಿದ ಜಾಗ ಅದು. ಇಳಿಜಾರು ಇಷ್ಟು ಉದ್ದವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಗೋಡೆಯ ಹಿಡಿಕಂಬಿ ನಡುವೆ ಮೂರು ಮಾರು ಇಲ್ಲವೇ ಇಲ್ಲ ಎಂಬುದೂ ಗೊತ್ತಿರಲಿಲ್ಲ. ಆ ಮೂರು ಮಾರಿನಲ್ಲಿ ತೆರೇಸ್ ನಿಂತು, ಉಸಿರು ತೆಗೆದು, ಕೋಲನ್ನು ಮುಂದಿಟ್ಟು, ಕಾಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಕೋಲನ್ನು ಎತ್ತುವುದನ್ನು ಅನ್ನೆಲೀಸ್ ನೋಡಬೇಕಾಯಿತು. ಇಪ್ಪತ್ತೆರಡು ವರ್ಷ ತಾನು ಪ್ಲಾನು ಬರೆದದ್ದು ತನ್ನದೇ ಎರಡು ಗಟ್ಟಿ ಕಾಲುಗಳ ಅಳತೆಯಲ್ಲಿ ಎಂದು ಅವಳಿಗೆ ಹೊಳೆಯಿತು. ಹಿಂದಿನಿಂದ ಬಂದ ಜನ ಇಬ್ಬರನ್ನೂ ದಾಟಿ ಓಡುತ್ತಿದ್ದರು. ಅವರಲ್ಲಿ ತನ್ನಂಥವಳು ಒಬ್ಬಳು “ಸ್ವಲ್ಪ ಸರೀರಿ” ಎಂದು ಭುಜ ತಾಗಿಸಿ ಹೋದಳು.

ಅರ್ಧ ದಾರಿಯಲ್ಲಿ ಕೋಳಿ ಗಡಿಯಾರ ಗಂಟೆ ಹೊಡೆಯಿತು. ಆ ದಾರಿಯಲ್ಲಿ ಅದು ಚರ್ಚಿನ ಗಂಟೆಯಂತೆ ಮೊಳಗಿ ನಾಲ್ಕಾರು ಜನ ತಿರುಗಿ ನೋಡಿದರು.

“ಮೊಟ್ಟೆ ಬೆಂತು” ಎಂದಳು ತೆರೇಸ್, ನಿಲ್ಲದೆ. “ಎಷ್ಟಕ್ಕೆ ಇಟ್ಟಿದ್ದೆ?”

“ನಾಲ್ಕಕ್ಕೆ.”

“ಹೂಂ. ಹೋದ ವರ್ಷದ ಗಾಡಿ ಈಗ ಹೋಯ್ತು. ಮುಂದೆ ಎಣಿಸು.”

ಮೊದಲ ಸಲ ಹನ್ನೊಂದು ನಿಮಿಷವಾಯಿತು. ತೆರೇಸ್ ಇನ್ನೊಂದು ಸಲ ನಡೆಯುತ್ತೇನೆ ಎಂದಳು. ಎರಡನೆಯ ಸಲ ದಾರಿಯಲ್ಲಿದ್ದ ಬೇಕರಿಯ ಕಿಟಕಿಯ ಮುಂದೆ ನಿಂತು ಬ್ರೆಡ್ಡುಗಳನ್ನು ನೋಡಿದಳು, ಹದಿನಾಲ್ಕಾಯಿತು.

“ಹದಿನಾಲ್ಕು ಬರ್ಕೋ. ರಜಾದಲ್ಲಿ ಬೇಕರಿ ಕಿಟಕಿ ನೋಡದೆ ಹೋಗೋಕೆ ನಾನೇನು ಟಪಾಲಾ?”

ಅನ್ನೆಲೀಸ್ ಬರೆದುಕೊಂಡಳು. “ನಾಳೆ ಹೇಳ್ತೀನಿ ಅವರಿಗೆ” ಎಂದಳು.

“ನಿನ್ನಿಷ್ಟ. ನಾಳೆ ನಾನೂ ಬರ್ತೀನಿ.”

ಬುಧವಾರ ಕರಡಿಯ ಮೇಜಿನ ಸುತ್ತ ಈ ಸಲ ಒಂಬತ್ತೂ ಮಂದಿ ಸೇರಿದರು. ತೆರೇಸ್ ಒಳಗೆ ಬಂದಾಗ ಎಲ್ಲರೂ ಒಂದೇ ಸಲ ಎದ್ದು, ಕುರ್ಚಿ ಎಳೆದು, ಕೋಲು ಇಸಿದುಕೊಂಡು ಗಲಾಟೆ ಮಾಡಿದರು. ಬೆನ್ನ ಹಿಂದೆ ಆಡಿಕೊಂಡವರ ಉಪಚಾರ ಸ್ವಲ್ಪ ಹೆಚ್ಚೇ ಇರುತ್ತದೆ. ಮಾರ್ಗ್ರಿತ್ ಲೋಟ ತಟ್ಟುವ ಮೊದಲೇ ಅನ್ನೆಲೀಸ್ ಎದ್ದು ನಿಂತಳು.

“ಪ್ಲಾನಾ? ಕಾಗದ ಎಲ್ಲೇ?” ಎಂದಳು ಲೋಟ್ಟಿ.

“ಕಾಗದ ಇಲ್ಲ.”

ಅವಳು ಹೇಳಿದಳು. ಅಡುಗೆಮನೆಯಲ್ಲಿ ತೆರೇಸ್ ಕೇಳಿದ್ದು, ತಾನು ಮಾತು ಕೊಟ್ಟದ್ದು, ಕೊಟ್ಟ ಮಾತಿಗಿಂತ ಬಸ್ಸು ದೊಡ್ಡದಾದದ್ದು, ಜಂಕ್ಷನ್ನಿನಲ್ಲಿ ಕೇಳಿಸಿದರೂ ಕೇಳಿಸದಂತೆ ಕೂಗಿದ್ದು, ಆಮೇಲೆ ಗೊತ್ತಿಲ್ಲದವಳ ಹಾಗೆ ನಟಿಸಿದ್ದು, ಯಾವುದನ್ನೂ ಬಿಡಲಿಲ್ಲ. ಚೀಸ್ ಅಂಗಡಿಯಲ್ಲಿ ಗಿರಾಕಿಗೆ ಬೆಲೆ ಹೇಳುವ ಧ್ವನಿಯಲ್ಲೇ ಹೇಳಿದಳು, ಬೇರೆ ಧ್ವನಿ ಅವಳಿಗೆ ಸಿಗಲಿಲ್ಲ. ಗಾಡಿ ಮೊದಲು ನೆನಪಾದದ್ದನ್ನು ಮಾತ್ರ ಹೇಳಲಿಲ್ಲ. ಅದು ತೆರೇಸಳಿಗೆ ಸೇರಿದ್ದು ಎನ್ನಿಸಿತು.

ಮಾರ್ಗ್ರಿತಳ ಕತ್ತು ಕೆಂಪಾಯಿತು.

“ಅಂದ್ರೆ ಒಂಬತ್ತು ತಿಂಗಳು ನಾನು ತೆರೇಸ್‌ನ ಆಡ್ಕೊಂಡಿದ್ದೆಲ್ಲಾ ಸುಳ್ಳಾ? ಅಂಗಡೀಲಿ, ಚರ್ಚಲ್ಲಿ, ಕ್ಷೌರದಂಗಡಿಯೋನ ಹೆಂಡತಿ ಹತ್ರ ಕೂಡ?”

“ಹೌದು.”

“ಹೋದ ಬುಧವಾರ ನಾನು ನಿನ್ನನ್ನ ಕೇಳ್ದೆ! ಸರಿ ತಾನೆ ಅಂತ ಮುಖ ನೋಡಿ ಕೇಳ್ದೆ!”

“ಕೇಳ್ದೆ. ನಾನು ಹೇಳ್ಲಿಲ್ಲ.”

“ನೀನು ಕೆಟ್ಟವಳಾಗಿದ್ರೆ ಆಗ್ಲಿ ಬಿಡೇ, ನನ್ನನ್ನೂ ಕೆಟ್ಟವಳನ್ನ ಮಾಡಿದೆಯಲ್ಲೇ!” ಮಾರ್ಗ್ರಿತ್ ತೆರೇಸಳ ಕಡೆ ತಿರುಗಿದಳು. ದೊಡ್ಡ ಗಂಟಲು ಸಣ್ಣದಾಗಿತ್ತು. “ಮತ್ತೆ ನೀನು? ಬಾಯಿಲ್ವಾ ನಿಂಗೆ?”

“ಇತ್ತು. ಕೇಕ್ ತುಂಬಿತ್ತು” ಎಂದಳು ತೆರೇಸ್.

ಲೋಟ್ಟಿಗೆ ನಗು ತಡೆಯಲಾಗಲಿಲ್ಲ. ಅವಳ ಹಿಂದೆ ಇನ್ನಿಬ್ಬರು ನಕ್ಕರು. ಅನ್ನೆಲೀಸ್ ನಗಲಿಲ್ಲ, ಮಾರ್ಗ್ರಿತಳೂ ನಗಲಿಲ್ಲ. ಆದರೆ ಆ ನಗುವಿನಿಂದ ಮೇಜಿಗೆ ಉಸಿರು ಬಂತು.

ಮಾರ್ಗ್ರಿತ್ ತನ್ನ ಮೂವತ್ತು ಮೆಟ್ಟಿಲನ್ನು ತಾನೇ ಹಿಂದಕ್ಕೆ ತೆಗೆದುಕೊಂಡಳು. ಆದರೂ ಪದ್ಧತಿ ಬಿಡಬಾರದೆಂದು ಕೈ ಎತ್ತಿಸಿದಳು. ನಿಯಮ ಬೇಡ ಎಂದು ಒಂಬತ್ತೂ ಕೈ ಎದ್ದವು. ಆಮೇಲೆ ಅವಳು ಹೇಳಿದಳು:

“ಇನ್ನೊಂದಿದೆ. ಅನ್ನೆಲೀಸ್, ಬೇಜಾರು ಮಾಡ್ಕೋಬೇಡ. ಹೇಳಿದ್ದು ಒಳ್ಳೇದಾಯ್ತು. ಆದ್ರೆ ಪ್ಲಾನು ಇನ್ನು ನಿನ್ನ ಕೈಲಿ ಬೇಡ. ನೀನು ಬರೆದ ಕಾಗದ ಹಿಡ್ಕೊಂಡು ಗಾಡಿ ಹತ್ತೋಕೆ ನಂಗೆ ಧೈರ್ಯ ಬರಲ್ಲ. ಈ ವರ್ಷವಂತೂ ಬರಲ್ಲ. ತೆರೇಸ್ ಮಾಡ್ಲಿ. ಅವಳಿಗೆ ಆಗೋ ದಾರಿ ನಮಗೆಲ್ಲಾ ಆಗುತ್ತೆ.”

ಅನ್ನೆಲೀಸ್ ಇದನ್ನು ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ ಸಿದ್ಧವಾಗಿದ್ದಳು, ಇದಕ್ಕೆ ಅಲ್ಲ. “ಸರಿ” ಎಂದಳು.

“ತೆರೇಸ್ ಪ್ಲಾನು ಮಾಡ್ಲಿ ಅನ್ನೋರು?”

ಏಳು ಕೈ ಎದ್ದವು. ಅವುಗಳಲ್ಲಿ ಅನ್ನೆಲೀಸಳದೂ ಒಂದು.

“ಅನ್ನೆಲೀಸೇ ಇರ್ಲಿ ಅನ್ನೋರು?”

ಎರಡು ಕೈ. ಒಂದು ಲೋಟ್ಟಿಯದು. ಇನ್ನೊಂದು ತೆರೇಸಳದು. ಅದು ಅರ್ಧಕ್ಕಷ್ಟೇ ಎದ್ದಿತ್ತು, ಆದರೆ ಎದ್ದಿತ್ತು. ಮಾರ್ಗ್ರಿತ್ ಎರಡೆರಡು ಸಲ ಎಣಿಸಿದಳು.

“ಸೋತೆ ತೆರೇಸ್. ನೀನೇ ಮಾಡ್ಬೇಕು.”

“ಹಾಗಾದ್ರೆ ಕೇಳಿ” ಎಂದಳು ತೆರೇಸ್, ಕೂತಲ್ಲಿಂದಲೇ. “ದಿನಕ್ಕೆ ಒಂದೇ ಗಾಡಿ. ಬದಲಿ ಇದ್ದೇ ತೀರ್ಬೇಕು ಅಂದ್ರೆ ಒಂದು ಗಂಟೆ, ಅದರಲ್ಲಿ ಕಾಫಿ. ಮಧ್ಯಾಹ್ನದ ಊಟ ಕೂತು, ಬೆಂಚಿನ ಮೇಲೆ ಕಾಗದ ಬಿಚ್ಚಿ ಅಲ್ಲ. ಹನ್ನೊಂದು ದಿನದಲ್ಲಿ ಸಮುದ್ರ ಸಿಕ್ಕಿದ್ರೆ ಸಿಕ್ತು, ಇಲ್ದಿದ್ರೆ ಎಲ್ಲಿಗೆ ತಲುಪ್ತೀವೋ ಅದೇ ನಮ್ಮೂರು. ‘ಓಡಿ’ ಅಂತ ಕೂಗಿದೋರು ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸ್ಬೇಕು.”

ಹೊರಗೆ ಇಬ್ಬರೂ ಒಂದೇ ದಾರಿ ಹಿಡಿದು ಚರ್ಚಿನ ಮೂಲೆಯವರೆಗೆ ನಡೆದರು. ಅನ್ನೆಲೀಸಳ ಕಾಲು ತಾನೇ ತಾನಾಗಿ ಮುಂದೆ ಹೋಗುತ್ತಿತ್ತು. ಎರಡೆರಡು ಹೆಜ್ಜೆಗೆ ನಿಂತು ಹಿಂದಕ್ಕೆ ಬರಬೇಕಾಯಿತು.

“ನನ್ನ ಪರ ಯಾಕೆ ಕೈ ಎತ್ತಿದೆ?”

“ಗಾಡಿಗಳು ಗೊತ್ತಿರೋದು ನಿಂಗೆ. ನಂಗೇನು ಗೊತ್ತು? ತಪ್ಪು ಊರಿಗೆ ಹತ್ತಿಸಿದ್ರೆ ಮಾರ್ಗ್ರಿತ್ ನನ್ನನ್ನ ತಿಂದ್ಹಾಕ್ತಾಳೆ.” ತೆರೇಸ್ ಸ್ವಲ್ಪ ನಿಂತು ಉಸಿರು ತೆಗೆದುಕೊಂಡಳು. “ಕ್ಷಮಿಸಿಬಿಟ್ಟೆ ಅಂದ್ಕೋಬೇಡ ಮತ್ತೆ.”

“ಇಲ್ಲ.”

“ನಂಗೆ ಇನ್ನೂ ಸಿಟ್ಟಿದೆ. ಬೆಳಿಗ್ಗೆ ಕಾಲುಚೀಲ ಹಾಕ್ಕೊಳ್ಳೋವಾಗ ಜಾಸ್ತಿ ಇರುತ್ತೆ. ಮಧ್ಯಾಹ್ನದ ಮೇಲೆ ಕಮ್ಮಿ.”

“ನಾನು ಮಧ್ಯಾಹ್ನದ ಮೇಲೆ ಬರ್ತೀನಿ.”

“ಬಾ. ಪೆನ್ಸಿಲು ತಗೊಂಡು ಬಾ. ನಾನು ಹೇಳ್ತೀನಿ, ನೀನು ಹುಡುಕು. ನಾನು ಹೇಳಿದ್ದನ್ನ ಬಿಟ್ಟು ಒಂದು ನಿಮಿಷ ನೀನಾಗಿ ಕಡಿಮೆ ಮಾಡಿದ್ರೆ ಗೊತ್ತಾಗುತ್ತೆ ನಂಗೆ.”

ತೆರೇಸ್ ಮೂಲೆಯಲ್ಲಿ ತಿರುಗಿ ಹೋದಳು. ಅನ್ನೆಲೀಸ್ ಅವಳು ತನ್ನ ಮನೆಯ ಬಾಗಿಲು ತಲುಪುವವರೆಗೂ ಅಲ್ಲೇ ನಿಂತಿದ್ದಳು. ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಲಿಲ್ಲ. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಅವಳು ಒಂಬತ್ತು ತಿಂಗಳಿನಿಂದ ಅಂದುಕೊಂಡಿದ್ದಳು. ಹಗುರಾಗಿರಲಿಲ್ಲ. ಮೊದಲು ಅದನ್ನು ಅಡಗಿಸಿಕೊಂಡು ನಡೆಯಬೇಕಿತ್ತು, ಈಗ ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ನಡೆಯಬೇಕಿತ್ತು.

ಮನೆಯಲ್ಲಿ ಗೋಡಿ ರೇಡಿಯೋದ ಪಕ್ಕ ಕೂತು ಹವಾಮಾನ ಕೇಳುತ್ತಿದ್ದ.

“ಏನಾಯ್ತು?”

“ಹೇಳ್ದೆ. ಪ್ಲಾನು ನನ್ನ ಕೈಯಿಂದ ತಗೊಂಡ್ರು.”

ಅವನು ರೇಡಿಯೋ ಆರಿಸಿದ. “ತೆರೇಸ್ ಬರ್ತಾಳಾ?” ಎಂದು ಮಾತ್ರ ಕೇಳಿದ.

“ಬರ್ತಾಳೆ.”

“ಹಸಿವಾಗ್ತಿದೆ ಕಣೇ.”

ಅನ್ನೆಲೀಸ್ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕೈ ತೊಳೆದಳು. ನಿನ್ನೆ ಸಿಪ್ಪೆ ಸಮೇತ ಬೇಯಿಸಿ ತಣ್ಣಗಿಟ್ಟಿದ್ದ ಆಲೂಗಡ್ಡೆಯ ಪಾತ್ರೆಯನ್ನು ಹೊರಗೆ ತೆಗೆದು, ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತು, ಚಿಕ್ಕ ಚಾಕುವಿನಿಂದ ಒಂದೊಂದನ್ನೇ ಸುಲಿಯತೊಡಗಿದಳು. ಆರು ಸುಲಿದು, ತುರಿಯುವ ಮಣೆಯ ದೊಡ್ಡ ತೂತಿನಲ್ಲಿ ತುರಿದು, ಉಪ್ಪು ಹಾಕಿ, ಬಾಣಲೆಗೆ ಬೆಣ್ಣೆ ಇಟ್ಟಳು.